ಮಾವನ ಸ್ಪ್ಯಾನರ್ ಪೆಟ್ಟಿಗೆ, ಮತ್ತು ಯಾವ ಕಲ್ಲಿನಲ್ಲೂ ಇಲ್ಲದ ಹೆಸರು

ಇವತ್ತಿನ ಬರಹ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡಿಕೊಂಡು ಓದಿ.

ಮೊನ್ನೆ ಭಾನುವಾರ ಬೆಳ್ಮಣ್ಣಿನ ನಮ್ಮ ಕಾಲನಿಯಲ್ಲಿ ಮಾಮಿಯ ಮನೆಯ ಹಂಚು ಬದಲಿಸುವ ಕೆಲಸ ಇತ್ತು. ಅಟ್ಟದ ಸಾಮಾನೆಲ್ಲ ಇಳಿಸುವಾಗ ಒಂದು ಕಬ್ಬಿಣದ ಪೆಟ್ಟಿಗೆ ಕೈಗೆ ಬಂತು. ಒಬ್ಬನೇ ಎತ್ತಲಿಕ್ಕೆ ಆಗದಷ್ಟು ಭಾರ. ಹಸಿರು ಬಣ್ಣ ಅಲ್ಲಲ್ಲಿ ಉಳಿದಿದೆ, ಬಾಕಿಯೆಲ್ಲ ತುಕ್ಕು. ಒಳಗೆ ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ಸ್ಪ್ಯಾನರ್‌ಗಳು, ಒಂದು ಫೀಲರ್ ಗೇಜು, ಹಿಡಿ ಮುರಿದ ಸ್ಕ್ರೂಡ್ರೈವರು, ಎಣ್ಣೆ ಕುಡಿದು ಕಪ್ಪಾದ ಬಟ್ಟೆ. ಬಟ್ಟೆಯ ಅಡಿಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮಿಲಿಟ್ರಿ ಪುಸ್ತಕ ಮತ್ತು ಒಂದು ಕಂದು ಲಕೋಟೆ.

ಇದು ನನ್ನ ಸೋದರಮಾವನ ಪೆಟ್ಟಿಗೆ. ನಾನು ಅವರನ್ನು ನೋಡಿಲ್ಲ. ನಾನು ಹುಟ್ಟುವ ಮೊದಲೇ, 1976ರ ಮಳೆಗಾಲದಲ್ಲಿ ತೀರಿಹೋದರು. ನಮ್ಮ ಮನೆಗಳಲ್ಲಿ ಈಗಲೂ ಅವರನ್ನು ಕರೆಯುವುದು "ಮಿಲಿಟ್ರಿ" ಅಂತಲೇ. ಸಾಯುವಾಗ ಅವರು ಸೈನ್ಯದಲ್ಲಿ ಇದ್ದರೋ ಇರಲಿಲ್ಲವೋ ಎಂದು ಕೇಳಿದರೆ ಎರಡೂ ಸರಿ. ಅವರು ರಿಸರ್ವಿನಲ್ಲಿದ್ದರು. ಈ ಒಂದು ಶಬ್ದದ ಕಾರಣಕ್ಕೆ ಅವರು ಯಾವ ಲೆಕ್ಕಕ್ಕೂ ಸೇರಲಿಲ್ಲ. ಅದನ್ನೇ ಇವತ್ತು ಬರೆಯಬೇಕು ಅಂತ ಕೂತಿದ್ದೇನೆ.

*

1962ರ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಚೀನಾ ಯುದ್ಧ ಆಯಿತು. ಅದರ ನಂತರ ಸರಕಾರ ಸೈನ್ಯವನ್ನು ದೊಡ್ಡದು ಮಾಡಲು ಹೊರಟಿತು. ಹಳ್ಳಿ ಹಳ್ಳಿಗೆ ಸುದ್ದಿ ಹೋಯಿತು. ಆಗ ಮಾವನಿಗೆ ಹತ್ತೊಂಬತ್ತು. ಎಂಟನೇ ಕ್ಲಾಸು ಮುಗಿಸಿ ಅಜ್ಜನ ಜೊತೆ ಧನಿಗಳ ಗದ್ದೆಗೆ ಹೋಗುತ್ತಿದ್ದವರು. 1963ರಲ್ಲಿ ಒಂದು ದಿನ ಮನೆಯಲ್ಲಿ ಹೇಳದೆ ಮಂಗಳೂರಿಗೆ ಹೋಗಿ ಭರ್ತಿಯಾಗಿ ಬಂದರು. ಅಜ್ಜಿ ಮೂರು ದಿನ ಅತ್ತಿದ್ದಳಂತೆ. ಅಜ್ಜ ಮಾತ್ರ "ಹೋಗಲಿ, ಅಲ್ಲಿ ಹೊಟ್ಟೆಗೆ ಸಿಗ್ತದೆ" ಅಂದರಂತೆ.

ಅವರು ಸೇರಿದ್ದು ಇ.ಎಂ.ಇ.ಗೆ. ಎಲೆಕ್ಟ್ರಿಕಲ್ ಆಂಡ್ ಮೆಕ್ಯಾನಿಕಲ್ ಎಂಜಿನಿಯರ್ಸ್ ಅನ್ನುವ ಕೋರ್. ಸೈನ್ಯದ ಲಾರಿ, ಜೀಪು, ಟ್ಯಾಂಕು, ತೋಪು, ರೇಡಿಯೋ, ಯಾವುದು ಕೆಟ್ಟರೂ ರಿಪೇರಿ ಇವರದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ ಈ ಕೋರ್ ಶುರುವಾಯಿತು. ಅದಕ್ಕೆ ಮೊದಲು ಈ ಕೆಲಸವನ್ನು ಆರ್ಡ್‌ನೆನ್ಸ್ ಕೋರ್ ನೋಡಿಕೊಳ್ಳುತ್ತಿತ್ತು. ಬೇರೆ ರೆಜಿಮೆಂಟಿನಲ್ಲಿ ಸಿಪಾಯಿ ಅನ್ನುವವನಿಗೆ ಇಲ್ಲಿ ಕ್ರಾಫ್ಟ್ಸ್‌ಮನ್ ಅಂತ ಹೆಸರು, ಅಂದರೆ ಕುಶಲಕರ್ಮಿ. ಮಾವನ ಪುಸ್ತಕದಲ್ಲಿ ಅವರ ಹೆಸರಿನ ಹಿಂದೆ ಇರುವುದೂ ಅದೇ ಶಬ್ದ. ಓದುವಾಗ ನನಗೆ ಒಂದು ಗಳಿಗೆ ಗಂಟಲು ಕಟ್ಟಿತು. ನಮ್ಮ ಅಜ್ಜನ ಹೆಸರಿನ ಜೊತೆ ಊರಿನವರು ಸೇರಿಸುತ್ತಿದ್ದ ಶಬ್ದ ಬೇರೆಯದು. ಅದನ್ನು ಇಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತಿದೆ.

ತರಬೇತಿ ಸಿಕಂದರಾಬಾದಿನಲ್ಲಿ. ನಂತರ ವರ್ಕ್‌ಶಾಪು. ಆ ಕಾಲದ ಸೈನ್ಯದ ದೊಡ್ಡ ಲಾರಿ ಶಕ್ತಿಮಾನ್, ಜರ್ಮನಿಯ ಕಂಪೆನಿಯ ಲೈಸೆನ್ಸಿನಲ್ಲಿ ಜಬಲ್ಪುರದಲ್ಲಿ ತಯಾರಾಗುತ್ತಿದ್ದದ್ದು. ಅದರ ಎಂಜಿನ್ ಶಬ್ದ ಕೇಳಿದರೇ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದರಂತೆ. ಯುದ್ಧದ ಸಿನಿಮಾಗಳಲ್ಲಿ ಕಾಣುವುದು ಗನ್ನು ಹಿಡಿದವನು. ಆದರೆ ಕೆಟ್ಟು ನಿಂತ ಲಾರಿಯಲ್ಲಿ ಗುಂಡೂ ಹೋಗುವುದಿಲ್ಲ, ರೊಟ್ಟಿಯೂ ಹೋಗುವುದಿಲ್ಲ, ಗಾಯಗೊಂಡವನು ವಾಪಸ್ಸೂ ಬರುವುದಿಲ್ಲ. ಮುಂದಿನ ಸಾಲಿನ ಹಿಂದೆಯೇ ರಿಪೇರಿಯವರು ಹೋಗಬೇಕು. ಕೆಟ್ಟ ಗಾಡಿಗೆ ಸರಪಳಿ ಕಟ್ಟಿ ಎಳೆದು ತರಬೇಕು, ರಾತ್ರಿ ದೀಪ ಹಚ್ಚದೆ ನಟ್ಟು ಬಿಚ್ಚಬೇಕು. ಸ್ಪ್ಯಾನರನ್ನು ಕಣ್ಣಿನಿಂದ ನೋಡದೆ ಬೆರಳಿನಿಂದಲೇ ನಂಬರ್ ಗುರುತಿಸುವುದನ್ನು ಮಾವ ಅಲ್ಲಿ ಕಲಿತರು. ಊರಿಗೆ ಬಂದ ಮೇಲೆ ಮಕ್ಕಳ ಎದುರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅದನ್ನೇ ಆಟ ಮಾಡಿ ತೋರಿಸುತ್ತಿದ್ದರು ಎಂದು ನನ್ನ ಅಮ್ಮ ಹೇಳುತ್ತಿದ್ದಳು.

*

ಈಗ ರಿಸರ್ವ್ ಅಂದರೆ ಏನು ಎಂದು ಹೇಳಬೇಕು. ನಮ್ಮಲ್ಲಿ ತುಂಬಾ ಜನರಿಗೆ ಇದು ಗೊತ್ತಿಲ್ಲ.

ಸೈನ್ಯಕ್ಕೆ ಸೇರುವಾಗ ಸಹಿ ಹಾಕುವ ಕರಾರಿನಲ್ಲಿ ಎರಡು ಭಾಗ ಇರುತ್ತಿತ್ತು. ಮೊದಲನೆಯದು ಕಲರ್ ಸರ್ವಿಸ್, ಅಂದರೆ ಸಮವಸ್ತ್ರ ಹಾಕಿ ಬ್ಯಾರಕ್ಕಿನಲ್ಲಿರುವ ವರ್ಷಗಳು. ಎರಡನೆಯದು ರಿಸರ್ವ್ ಸರ್ವಿಸ್. ಮನೆಗೆ ಕಳಿಸುತ್ತಾರೆ, ಆದರೆ ಬಿಡುಗಡೆ ಇಲ್ಲ. ಹೆಸರು ಪಟ್ಟಿಯಲ್ಲಿ ಇರುತ್ತದೆ. ನಡುನಡುವೆ ತರಬೇತಿಗೆ ಕರೆಯುತ್ತಾರೆ. ಯುದ್ಧ ಬಂದರೆ ಟೆಲಿಗ್ರಾಂ ಬಂದ ಕೂಡಲೇ ಹೊರಡಬೇಕು. 1971ರ ಯುದ್ಧಕ್ಕೆ ಹೀಗೆ ರಿಸರ್ವಿನವರನ್ನು ವಾಪಸ್ಸು ಕರೆಸಿಕೊಂಡಿದ್ದರು. ಇದರ ಮೂಲ ಕಾನೂನು ಬ್ರಿಟಿಷರು ಮಾಡಿದ 1888ರ ಇಂಡಿಯನ್ ರಿಸರ್ವ್ ಫೋರ್ಸಸ್ ಆಕ್ಟ್. ಸ್ವಾತಂತ್ರ್ಯ ಬಂದ ಮೇಲೂ ಅದೇ ನಡೆಯಿತು.

ಮಾವನದ್ದು ಏಳು ವರ್ಷ ಕಲರ್, ಎಂಟು ವರ್ಷ ರಿಸರ್ವ್, ಒಟ್ಟು ಹದಿನೈದರ ಕರಾರು. ಏಳು ಮುಗಿಯುವಾಗ ಯುದ್ಧದ ಕಾಲ. ಹಾಗಾಗಿ ಮನೆಗೆ ಬಂದದ್ದು 1972ರಲ್ಲಿ.

ಹದಿನೈದು ಅನ್ನುವ ಸಂಖ್ಯೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ರಿಸರ್ವಿಸ್ಟ್ ಪೆನ್ಶನ್ ಅಂತ ಒಂದು ಇದೆ. ಕಲರ್ ಮತ್ತು ರಿಸರ್ವ್ ಎರಡೂ ಸೇರಿ ಹದಿನೈದು ವರ್ಷ ತುಂಬಬೇಕು. ನಾನು ಗುಮಾಸ್ತ, ದಿನಾ ಇಂಥ ಲೆಕ್ಕಗಳನ್ನೇ ನೋಡುವವನು. ಒಂದು ದಿನ ಕಡಿಮೆಯಾದರೆ ಕಡತ ಹೇಗೆ ವಾಪಸ್ಸು ಬರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು.

*

ಊರಿಗೆ ಬಂದ ಮೇಲಿನ ಒಂದು ಕತೆ ಇದೆ. ಮಾಮಿ ಇದನ್ನು ಯಾವಾಗಲೂ ನಗುತ್ತಾ ಹೇಳುತ್ತಾರೆ.

ಊರಿನ ಒಂದು ದೊಡ್ಡ ಮನೆಯವರ ತೋಟದ ಬಾವಿಗೆ ಡೀಸೆಲ್ ಪಂಪು ಹಾಕಿಸಿದ್ದರು. ಬೇಸಗೆಯಲ್ಲಿ ಒಂದು ದಿನ ಎಂಜಿನ್ ಓಡುತ್ತದೆ, ನೀರು ಬರುವುದಿಲ್ಲ. ಅಡಿಕೆ ಒಣಗುತ್ತಿದೆ. ಕಾರ್ಕಳದಿಂದ ಮೆಕ್ಯಾನಿಕ್ ಬರಲು ಎರಡು ದಿನ ಬೇಕು. ಕಾಲನಿಗೆ ಆಳು ಕಳಿಸಿದರು. ಮಾವ ಪೆಟ್ಟಿಗೆ ಹೊತ್ತುಕೊಂಡು ಹೋದರು. ನೋಡಿದರೆ ಫೂಟ್‌ವಾಲ್ವಿನಲ್ಲಿ ಕಸ ಸಿಕ್ಕಿಕೊಂಡಿದೆ. ಅದು ಇರುವುದು ಬಾವಿಯ ನೀರಿನ ಒಳಗೆ. ಸರಿ ಮಾಡಬೇಕಾದರೆ ಬಾವಿಗೆ ಇಳಿಯಬೇಕು. ಆ ಬಾವಿಯ ಕಟ್ಟೆಯನ್ನು ನಮ್ಮವರು ಮುಟ್ಟುವ ಹಾಗಿರಲಿಲ್ಲ.

ಯಜಮಾನರು ಸ್ವಲ್ಪ ಹೊತ್ತು ಸುಮ್ಮನೆ ನಿಂತರಂತೆ. ಆಮೇಲೆ "ಇಳಿ" ಅಂದರಂತೆ. ಮಾವ ಇಳಿದರು, ವಾಲ್ವು ಬಿಚ್ಚಿ ತೊಳೆದು ಹಾಕಿದರು, ಪೈಪಿಗೆ ನೀರು ತುಂಬಿಸಿ ಎಂಜಿನ್ ತಿರುಗಿಸಿದರು. ನೀರು ಬಂತು. ಮೇಲೆ ಬಂದಾಗ ಜಗಲಿಯ ಕೆಳಗೆ ಗೆರಟೆಯಲ್ಲಿ ಚಾ ಇಟ್ಟಿದ್ದರು. ಮಾವ ಅದನ್ನು ನೋಡಿ, "ನಮ್ಮ ಲಂಗರಿನಲ್ಲಿ ಎಲ್ಲರಿಗೂ ಒಂದೇ ಮಗ್ಗು ಧನಿ, ಅಭ್ಯಾಸ ತಪ್ಪಿ ಹೋಗಿದೆ" ಅಂತ ಹೇಳಿ ಪೆಟ್ಟಿಗೆ ಎತ್ತಿಕೊಂಡು ಬಂದರು. ಮಾರನೇ ದಿನ ಆ ಬಾವಿಗೆ ಶುದ್ಧ ಮಾಡಿಸಿದರು ಎಂದು ಸುದ್ದಿ ಬಂತು. ನೀರು ಬಂದದ್ದು ಮೈಲಿಗೆಯವನ ಕೈಯಿಂದ, ಶುದ್ಧ ಮಾಡಿದ್ದೂ ಅದೇ ನೀರಿನಿಂದ. ಮಾಮಿ ನಗುವುದು ಇಲ್ಲಿ.

ಸೈನ್ಯದ ಒಳಗೆ ಜಾತಿ ಇಲ್ಲ ಎಂದು ನಾನು ಹೇಳುತ್ತಿಲ್ಲ. ಜಾತಿಯ ಹೆಸರಿನಲ್ಲೇ ರೆಜಿಮೆಂಟುಗಳಿವೆ. ಮಿಲಿಟ್ರಿಯನ್ನು ಹೊಗಳುವ ಪೋಸ್ಟೂ ಅಲ್ಲ ಇದು. ಆದರೆ ಮಗ್ಗಿನ ಮಾತು ಸುಳ್ಳಲ್ಲ. ಹಳ್ಳಿಯಲ್ಲಿ ಗೆರಟೆ ಹಿಡಿಯಬೇಕಾಗಿದ್ದ ಕೈಗೆ ಮಗ್ಗು ಮತ್ತು ಸ್ಪ್ಯಾನರ್ ಸಿಕ್ಕಿತು. ಇದು ಸುಮ್ಮನೆ ಸಿಕ್ಕಿದ್ದಲ್ಲ. ಅದರ ಹಿಂದೆ ದೊಡ್ಡ ಚರಿತ್ರೆ ಇದೆ.

*

ನಮ್ಮ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿತ್ತು. ಹಳೆಯ ಮದ್ರಾಸ್ ಸೈನ್ಯದಲ್ಲಿ ಅಸ್ಪೃಶ್ಯರೆನಿಸಿಕೊಂಡವರು ಬಹಳ ಜನ ಇದ್ದರು. ಬೆಂಗಳೂರಿನ ಹಲಸೂರಿನಲ್ಲಿ ಇವತ್ತಿಗೂ ಇರುವ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿ ಸೇತುವೆ ಕಟ್ಟಿದವರು, ರಸ್ತೆ ಮಾಡಿದವರು, ಸುರಂಗ ತೋಡಿದವರಲ್ಲಿ ಪರೆಯರ ಪಾಲು ದೊಡ್ಡದು. ಬೊಂಬಾಯಿ ಸೈನ್ಯದಲ್ಲಿ ಮಹಾರರು. ಬಾಬಾಸಾಹೇಬರ ತಂದೆ ರಾಮ್‌ಜಿ ಸುಬೇದಾರರಾಗಿದ್ದವರು. ಬಾಬಾಸಾಹೇಬರು ಹುಟ್ಟಿದ್ದೂ ಮಹೂ ದಂಡು ಪ್ರದೇಶದಲ್ಲೇ.

1890ರ ದಶಕದಲ್ಲಿ ಬ್ರಿಟಿಷರು "ಯೋಧ ಜನಾಂಗ" ಎನ್ನುವ ಸಿದ್ಧಾಂತ ಹಿಡಿದುಕೊಂಡರು. ಕೆಲವು ಜಾತಿಗಳು ಹುಟ್ಟಿನಿಂದಲೇ ಶೂರರು, ಉಳಿದವರು ಅಲ್ಲ ಅಂತ. ಮನು ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಮಹಾರರ ಭರ್ತಿ ನಿಂತಿತು. ಮೊದಲನೇ ಮಹಾಯುದ್ಧದಲ್ಲಿ ಜನ ಸಾಕಾಗದೆ ಹೋದಾಗ 1917ರಲ್ಲಿ 111ನೇ ಮಹಾರ್ಸ್ ಕಟ್ಟಿದರು. ಯುದ್ಧ ಮುಗಿಯಿತು, 1921ರಲ್ಲಿ ವಿಸರ್ಜನೆ. ಬೇಕಾದಾಗ ಬಾವಿಗೆ ಇಳಿ, ನೀರು ಬಂದ ಮೇಲೆ ಹೊರಗೆ ನಿಲ್ಲು. ಅದೇ ಕತೆ.

ಎರಡನೇ ಮಹಾಯುದ್ಧ ಬಂದಾಗ ಬಾಬಾಸಾಹೇಬರು ಬಿಡಲಿಲ್ಲ. 1941ರ ಜುಲೈಯಲ್ಲಿ ಅವರನ್ನು ನ್ಯಾಶನಲ್ ಡಿಫೆನ್ಸ್ ಕೌನ್ಸಿಲಿಗೆ ತೆಗೆದುಕೊಂಡರು. ಅದೇ ವರ್ಷ ಅಕ್ಟೋಬರ್ 1ರಂದು ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಶುರುವಾಯಿತು. ಎಲ್ಲಿ ಗೊತ್ತಾ? ನಮ್ಮ ಬೆಳಗಾವಿಯಲ್ಲಿ. ಬೆಳಗಾವಿ ಎಂದರೆ ಗಡಿ ಜಗಳ ಮಾತ್ರ ನೆನಪು ಮಾಡುವವರು ಇದನ್ನೂ ನೆನಪು ಮಾಡಬೇಕು.

1942ರಿಂದ 1946ರವರೆಗೆ ಬಾಬಾಸಾಹೇಬರು ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದರು. ಯುದ್ಧಕ್ಕೆ ಬೇಕಾದ ಫಿಟ್ಟರ್, ಟರ್ನರ್, ವೆಲ್ಡರ್, ಮೆಕ್ಯಾನಿಕ್‌ಗಳನ್ನು ತಯಾರು ಮಾಡುವ ತಾಂತ್ರಿಕ ತರಬೇತಿ ಯೋಜನೆ ಇದ್ದದ್ದು ಅದೇ ಖಾತೆಯಲ್ಲಿ. 1942ರ ಅಕ್ಟೋಬರಿನಲ್ಲಿ ಪರಿಶಿಷ್ಟರ ಕುಂದುಕೊರತೆಗಳ ಬಗ್ಗೆ ವೈಸರಾಯ್‌ಗೆ ಕೊಟ್ಟ ಮನವಿಯಲ್ಲಿ ಅವರು ಸರಕಾರಿ ನೌಕರಿಯ ಜೊತೆಗೆ ತಾಂತ್ರಿಕ ಶಿಕ್ಷಣವನ್ನೂ ಕೇಳಿದರು. 1943ರ ಆಗಸ್ಟಿನಲ್ಲಿ ಕೇಂದ್ರದ ನೌಕರಿಗಳಲ್ಲಿ ನೂರಕ್ಕೆ 8⅓ರಷ್ಟು ಮೀಸಲಾತಿಯ ಆದೇಶ ಬಂತು. ನಾನು ಇವತ್ತು ಕೂತಿರುವ ಗುಮಾಸ್ತನ ಕುರ್ಚಿಯ ಒಂದು ಕಾಲು ಆ ಆದೇಶದಲ್ಲಿದೆ.

ಆ ಯುದ್ಧದಲ್ಲಿ ಎರಡು ಲಕ್ಷದಷ್ಟಿದ್ದ ಭಾರತೀಯ ಸೈನ್ಯ ಇಪ್ಪತ್ತೈದು ಲಕ್ಷಕ್ಕೆ ಏರಿತು. ಕುದುರೆ ಹೋಗಿ ಲಾರಿ ಬಂತು. ಲಾರಿಗೆ ಡ್ರೈವರ್ ಬೇಕು, ಮೆಕ್ಯಾನಿಕ್ ಬೇಕು. ಯೋಧ ಜನಾಂಗದ ಲೆಕ್ಕ ಹಿಡಿದು ಕೂತರೆ ಇದು ಆಗುವುದಿಲ್ಲ. ಹಾಗೆ ಬಾಗಿಲು ತೆರೆಯಿತು, ಮದ್ರಾಸ್ ಪ್ರಾಂತ್ಯದಿಂದ ದೊಡ್ಡ ಸಂಖ್ಯೆಯಲ್ಲಿ ಹುಡುಗರು ಹೋದರು. ಮಾವ ಸೇರಿದ ಕೋರ್ ಹುಟ್ಟಿದ್ದು ಆ ಹೊತ್ತಿನಲ್ಲಿ. ಯಂತ್ರಕ್ಕೆ ಕುಲಕಸುಬು ಇರಲಿಲ್ಲ. ಕಾರ್ಬುರೇಟರ್ ಬಿಚ್ಚುವ ಹಕ್ಕು ಯಾವ ಜಾತಿಯದ್ದು ಅಂತ ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ನಮ್ಮವರು ಆ ಸಂದಿಯಲ್ಲಿ ಒಳಗೆ ಹೋದರು.

*

ಮಾವ ಹೋದದ್ದು ಹೀಗೆ. 1976ರ ಜುಲೈ. ಪಡುಬಿದ್ರಿ ರಸ್ತೆಯಲ್ಲಿ ಮುರಕಲ್ಲು ತುಂಬಿದ ಒಂದು ಲಾರಿ ಕೆಟ್ಟು ನಿಂತಿತ್ತು. ಸಂಜೆ ಯಾರೋ ಬಂದು ಕರೆದರು. ಮಳೆಗೆ ನೆಲ ಮೆತ್ತಗಾಗಿತ್ತು. ಜಾಕಿನ ಅಡಿಗೆ ಹಲಗೆ ಕೊಟ್ಟು ಕೆಳಗೆ ಮಲಗಿದ್ದರು, ಜಾಕು ಜಾರಿತು. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಜೀವ ಹೋಯಿತು. ವಯಸ್ಸು ಮೂವತ್ತೆರಡು. ಮಾಮಿಗೆ ಇಪ್ಪತ್ತೈದು, ಕೈಯಲ್ಲಿ ಎರಡು ಮಕ್ಕಳು.

ಮೂರು ತಿಂಗಳ ನಂತರ ಆ ಕಂದು ಲಕೋಟೆ ಬಂತು. ಮೇಲೆ ಸರಕಾರಿ ಸೇವೆಯ ಮುದ್ರೆ. ಮಾಮಿಗೆ ಓದಲು ಬರುವುದಿಲ್ಲ. ಪೋಸ್ಟ್‌ಮ್ಯಾನ್ ಅಂಗಳದಲ್ಲೇ ನಿಂತು ಓದಿದರು. ರಿಸರ್ವ್ ತರಬೇತಿಗೆ ಇಂಥ ದಿನ ಹಾಜರಾಗಬೇಕು ಎಂದು ಮಾವನಿಗೆ ಬಂದ ಕರೆ. ಸೈನ್ಯದ ಪಟ್ಟಿಯಲ್ಲಿ ಅವರು ಇನ್ನೂ ಬದುಕಿದ್ದರು. ಪೋಸ್ಟ್‌ಮ್ಯಾನ್ ಓದಿ ಮುಗಿಸಿ, ಏನು ಹೇಳಬೇಕೆಂದು ತಿಳಿಯದೆ ಲಕೋಟೆಯನ್ನು ಜಗಲಿಯ ಮೇಲಿಟ್ಟು ಹೋದರಂತೆ.

ಆಮೇಲೆ ಲೆಕ್ಕ. 1963ರಿಂದ 1976. ಹದಿಮೂರು ವರ್ಷ. ಹದಿನೈದು ಆಗಲಿಲ್ಲ. ಒಂದು ಕಚೇರಿಯಲ್ಲಿ ಮಾಮಿಗೆ ಹೇಳಿದ ಮಾತು ಇಷ್ಟೇ: "ಸರ್ವಿಸಿನಲ್ಲಿ ಸತ್ತದ್ದಲ್ಲ, ಪೆನ್ಶನ್ ಆಗಿಯೂ ಇಲ್ಲ." ಮಾಮಿ ವಾಪಸ್ಸು ಬಂದು ಸೂಪು ತೊಡೆಯ ಮೇಲೆ ಇಟ್ಟುಕೊಂಡು ಬೀಡಿ ಕಟ್ಟಲು ಕೂತರು. ಮೂವತ್ತು ವರ್ಷ ಕಟ್ಟಿದರು. ಎರಡು ಮಕ್ಕಳನ್ನು ಓದಿಸಿದರು. ಬೀಡಿಯ ಬ್ರಾಂಚಿನಲ್ಲಿ ಎಣಿಸಿ, ಆರಿಸಿ, ಕೆಟ್ಟದ್ದು ಎಂದು ಬದಿಗೆ ಹಾಕುತ್ತಿದ್ದ ಪ್ರತಿ ಕಟ್ಟಿನ ಲೆಕ್ಕ ಅವರಿಗೆ ಇವತ್ತಿಗೂ ಬಾಯಿಪಾಠ.

*

ಹೆಸರು ಉಳಿಯುವುದು ಯಾಕೆ ಮುಖ್ಯ ಎಂದು ನಮಗೆ ಯಾರೂ ಪಾಠ ಮಾಡಬೇಕಿಲ್ಲ. ಭೀಮಾ ಕೋರೆಗಾಂವ್ ಗೊತ್ತಿರುವವರು ನಾವು. 1818ರ ಜನವರಿ 1ರ ಯುದ್ಧದಲ್ಲಿ ಸತ್ತವರ ಹೆಸರನ್ನು ಬ್ರಿಟಿಷರು ಸ್ತಂಭದ ಮೇಲೆ ಕೆತ್ತಿಸಿದರು. ಅದರಲ್ಲಿ 22 ಹೆಸರು "ನಾಕ್" ಎಂದು ಕೊನೆಯಾಗುತ್ತವೆ, ಮಹಾರರ ಹೆಸರುಗಳು. ಕಂಪೆನಿ ಅದನ್ನು ನಮ್ಮ ಮೇಲಿನ ಪ್ರೀತಿಗೆ ಮಾಡಿದ್ದಲ್ಲ. ಆದರೆ ಕಲ್ಲಿನಲ್ಲಿ ಹೆಸರು ಇತ್ತು. ನೂರಕ್ಕೂ ಹೆಚ್ಚು ವರ್ಷದ ನಂತರ, 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋಗಿ ನಿಂತರು. ಇವತ್ತು ಲಕ್ಷಾಂತರ ಜನ ಹೋಗುತ್ತಾರೆ. ಅಲ್ಲಿ ಹೆಸರಿನ ಬದಲು "ಸತ್ತ ಕೂಲಿಯಾಳುಗಳು ಇಷ್ಟು" ಎಂದು ಇದ್ದಿದ್ದರೆ ಯಾರು ಹೋಗುತ್ತಿದ್ದರು?

ಹಾಗೆ ಸಂಖ್ಯೆ ಮಾತ್ರ ಬರೆದ ಜಾಗಗಳೂ ಇವೆ. ಮೊದಲನೇ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿ ಸತ್ತವರಿಗೆ ಇರಾಕಿನ ಬಸ್ರಾದಲ್ಲಿ ಸ್ಮಾರಕ ಕಟ್ಟಿದರು. ಬ್ರಿಟಿಷ್ ಸೈನಿಕರ ಹೆಸರುಗಳನ್ನು ಒಂದೊಂದಾಗಿ ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಗಳಿಗೆ ರೆಜಿಮೆಂಟಿನ ಹೆಸರು, ಅದರ ಕೆಳಗೆ ಇಷ್ಟು ಜನ ಎಂಬ ಅಂಕಿ. ಯುದ್ಧ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗ 2021ರಲ್ಲಿ ತನ್ನದೇ ತಪ್ಪಿನ ಬಗ್ಗೆ ವರದಿ ಹೊರಡಿಸಿತು. ಕನಿಷ್ಠ 1,16,000 ಜನ, ಬಹುಶಃ ಮೂರೂವರೆ ಲಕ್ಷದವರೆಗೆ, ಹೆಸರಿಲ್ಲದೆ ಅಥವಾ ಯಾವ ಗುರುತೂ ಇಲ್ಲದೆ ಹೋದರು ಎಂದು ಅದರಲ್ಲಿದೆ. ಹೆಚ್ಚಿನವರು ಆಫ್ರಿಕಾದವರು, ಮಧ್ಯಪ್ರಾಚ್ಯದವರು. ಭಾರ ಹೊತ್ತವರು, ರಸ್ತೆ ಮಾಡಿದವರು. ನೂರು ವರ್ಷದ ನಂತರ ಕ್ಷಮೆ ಕೇಳಿದರು. ನಮ್ಮ ಹಳ್ಳಿಗಳಲ್ಲಿ ಯಾರು ಯಾರನ್ನು ಕ್ಷಮೆ ಕೇಳಬೇಕು?

*

ನಮ್ಮ ಹತ್ತಿರದ್ದೇ ಒಂದು ಸಾವನ್ನು ಇಲ್ಲಿ ನೆನೆಯಲೇಬೇಕು. ಗುರುವಾಯನಕೆರೆಯ ಏಕನಾಥ ಶೆಟ್ಟಿ ಅವರು. ಸೈನ್ಯದಿಂದ ನಿವೃತ್ತರಾಗಿ ಬಂದು ಮತ್ತೆ ಡಿಫೆನ್ಸ್ ಸೆಕ್ಯುರಿಟಿ ಕೋರ್ ಸೇರಿದವರು. ಈ ಡಿ.ಎಸ್.ಸಿ. 1947ರಲ್ಲಿ ಶುರುವಾದದ್ದು, ಕೇಂದ್ರ ನಮ್ಮ ಪಕ್ಕದ ಕಣ್ಣೂರಿನಲ್ಲಿದೆ. ಸೈನ್ಯ ಬಿಟ್ಟು ಬಂದವರೇ ಅಲ್ಲಿ ಹೆಚ್ಚು. ಸೈನ್ಯದ ಡಿಪೋ, ಕಾರ್ಖಾನೆ, ವಿಮಾನ ನಿಲ್ದಾಣಗಳ ಕಾವಲು ಕೆಲಸ. ರಿಸರ್ವಿನ ಹಾಗೆಯೇ, ಒಮ್ಮೆ ಮುಗಿಯಿತು ಎಂದುಕೊಂಡ ಸೇವೆ ಮತ್ತೆ ಕರೆಯುವ ಜಾಗ ಅದು.

2016ರ ಜುಲೈ 22ರ ಬೆಳಿಗ್ಗೆ ಚೆನ್ನೈಯ ತಾಂಬರಂನಿಂದ ವಾಯುಸೇನೆಯ ಎಎನ್-32 ವಿಮಾನ ಪೋರ್ಟ್‌ಬ್ಲೇರ್‌ಗೆ ಹೊರಟಿತು. ಒಳಗೆ 29 ಜನ. ಅವರಲ್ಲಿ ಏಕನಾಥ ಶೆಟ್ಟಿ ಒಬ್ಬರು. ಬಂಗಾಳ ಕೊಲ್ಲಿಯ ಮೇಲೆ ವಿಮಾನ ಕಣ್ಮರೆಯಾಯಿತು. ಹಡಗು, ವಿಮಾನ, ಉಪಗ್ರಹ, ಎಲ್ಲದರಿಂದ ಹುಡುಕಿದರು. ಸೆಪ್ಟೆಂಬರಿನಲ್ಲಿ ಎಲ್ಲರೂ ಸತ್ತಿರಬೇಕೆಂದು ತೀರ್ಮಾನಿಸಿ ಮನೆಯವರಿಗೆ ತಿಳಿಸಿದರು. ದೇಹ ಬರಲಿಲ್ಲ. ಏಳೂವರೆ ವರ್ಷದ ನಂತರ, 2024ರ ಜನವರಿಯಲ್ಲಿ, ಚೆನ್ನೈ ಕರಾವಳಿಯಿಂದ ಸುಮಾರು 310 ಕಿಲೋಮೀಟರ್ ದೂರದಲ್ಲಿ, 3,400 ಮೀಟರ್ ಆಳದಲ್ಲಿ ಆ ವಿಮಾನದ ಅವಶೇಷ ಕಂಡಿತು. ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕಳಿಸಿದ ಯಂತ್ರ ತೆಗೆದ ಚಿತ್ರಗಳು.

ಆ ಮನೆಯವರು ಆ ಏಳೂವರೆ ವರ್ಷ ಹೇಗೆ ಕಳೆದರು ಎಂದು ಮಾಮಿಯ ಲಕೋಟೆ ನೋಡಿದ ಮೇಲೆ ನನಗೆ ಸ್ವಲ್ಪ ಅಂದಾಜಾಯಿತು. ಅಲ್ಲಿ ದೇಹ ಇಲ್ಲ, ಕಾಗದ ಸತ್ತಿದ್ದಾರೆ ಅನ್ನುತ್ತದೆ. ಇಲ್ಲಿ ದೇಹ ಮಣ್ಣಾಗಿದೆ, ಕಾಗದ ಬದುಕಿದ್ದಾರೆ ಅನ್ನುತ್ತದೆ. ನೋವನ್ನು ಜಾತಿ ಹಿಡಿದು ತೂಗುವವನು ನಾನಲ್ಲ. ಏಕನಾಥ ಶೆಟ್ಟಿಯವರ ಹೆಸರು ಪೇಪರಿನಲ್ಲಿ ಬಂತು, ಜಿಲ್ಲೆಯ ಜನ ಕಾದರು, ಕಣ್ಣೀರು ಹಾಕಿದರು. ಅದು ಆಗಬೇಕಾದದ್ದೇ. ಎಲ್ಲರಿಗೂ ಆಗಬೇಕಾದದ್ದು ಅದು ಎಂದಷ್ಟೇ ನನ್ನ ಮಾತು.

ಯಾಕೆಂದರೆ ಆಗದೇ ಇರುವುದೂ ಇದೆ. ಅದೇ 2016ರ ಜೂನ್ 25ರಂದು ಕಾಶ್ಮೀರದ ಪಾಂಪೋರಿನಲ್ಲಿ ಸಿ.ಆರ್.ಪಿ.ಎಫ್. ಬಸ್ಸಿನ ಮೇಲೆ ದಾಳಿ ಆಯಿತು, ಎಂಟು ಜನ ಸತ್ತರು. ಅವರಲ್ಲಿ ಉತ್ತರ ಪ್ರದೇಶದ ಫಿರೋಜಾಬಾದ್ ಜಿಲ್ಲೆಯ ವೀರ್ ಸಿಂಗ್ ಒಬ್ಬರು, ನಟ ಸಮುದಾಯದ ದಲಿತ. ಊರಿಗೆ ದೇಹ ಬಂದಾಗ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಸಾರ್ವಜನಿಕ ಜಾಗ ಕೊಡಲು ಮೇಲ್ಜಾತಿಯವರು ಒಪ್ಪಲಿಲ್ಲ. ಅಧಿಕಾರಿ ಬಂದು ಗಂಟೆಗಟ್ಟಲೆ ಮಾತಾಡಿದ ಮೇಲೆ ಚಿತೆಗೆ ಜಾಗ ಸಿಕ್ಕಿತು. ತ್ರಿವರ್ಣ ಧ್ವಜ ಹೊದ್ದು ಬಂದ ದೇಹವೂ ಮೊದಲು ಜಾತಿ ಹೇಳಿ ಆಮೇಲೆ ಸುಡಬೇಕು.

*

ಈಗ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ.

2023ರ ಆಗಸ್ಟಿನಲ್ಲಿ "ನನ್ನ ಮಣ್ಣು ನನ್ನ ದೇಶ" ಎಂಬ ಅಭಿಯಾನ ನಡೆಯಿತು, ನೆನಪಿದೆಯಲ್ಲ. ದೇಶದ ಪಂಚಾಯತ್‌ಗಳಲ್ಲಿ ಶಿಲಾಫಲಕ ಹಾಕಿ ಊರಿನ ವೀರರ ಹೆಸರು ಬರೆಸುವುದು. ಆಗ ನಾನು ಇಲ್ಲೇ ಫೇಸ್‌ಬುಕ್ಕಿನಲ್ಲಿ ಅದರ ಬಗ್ಗೆ ಟೀಕೆ ಬರೆದೆ. ಚುನಾವಣೆಯ ಗಿಮಿಕ್ಕು ಎಂದೆ. ಲೈಕೂ ಬಂತು. ಆದರೆ ಒಂದು ಅರ್ಜಿ ಬರೆಯಲಿಲ್ಲ. ಬೇರೆಯವರಿಗೆ ವರ್ಷಕ್ಕೆ ನೂರು ಅರ್ಜಿ ಬರೆದುಕೊಡುವವನು, ನನ್ನ ಸ್ವಂತ ಮಾವನ ಹೆಸರನ್ನು ಒಂದು ಬಿಳಿ ಹಾಳೆಯಲ್ಲಿ ಬರೆದು ಎಲ್ಲೂ ಕೊಡಲಿಲ್ಲ. ಯುದ್ಧದಲ್ಲಿ ಸತ್ತವರಲ್ಲ, ಹುತಾತ್ಮ ಅಂತ ಹೇಳಲು ಬರುವುದಿಲ್ಲ ಎಂದು ನಾನೇ ಮನಸ್ಸಿನಲ್ಲಿ ತಿರಸ್ಕರಿಸಿದ್ದೆ. ಆ ಕಚೇರಿಯಲ್ಲಿ ಮಾಮಿಗೆ ಹೇಳಿದ ಮಾತನ್ನು ನಾನೂ ನನ್ನೊಳಗೆ ಹೇಳಿಕೊಂಡಿದ್ದೆ.

ಮಾವ ಹುತಾತ್ಮ ಅಲ್ಲ, ನಿಜ. ಅವರನ್ನು ಹಾಗೆ ಮಾಡುವುದೂ ಬೇಡ. ಕರೆದರೆ ಬರುತ್ತೇನೆ ಎಂದು ಸಹಿ ಹಾಕಿ, ಆ ಸಹಿಯ ಅಡಿಯಲ್ಲೇ ಬದುಕಿ, ಆ ಸಹಿ ತೀರುವ ಮೊದಲೇ ತೀರಿಹೋದ ಒಬ್ಬ ಮೆಕ್ಯಾನಿಕ್. ಅಷ್ಟನ್ನೇ ಬರೆದಿಟ್ಟರೆ ಸಾಕು.

ಇದು ಹಳೆಯ ಕತೆ ಮಾತ್ರ ಅಲ್ಲ ಅಂತಲೂ ಹೇಳುತ್ತೇನೆ. 2022ರ ಜೂನಿನಲ್ಲಿ ಅಗ್ನಿಪಥ ಬಂತು. ನಾಲ್ಕು ವರ್ಷ ಸೇವೆ. ನೂರರಲ್ಲಿ ಹೆಚ್ಚೆಂದರೆ ಇಪ್ಪತ್ತೈದು ಜನರನ್ನು ಉಳಿಸಿಕೊಳ್ಳುತ್ತಾರೆ. ಉಳಿದ ಎಪ್ಪತ್ತೈದು ಜನ ಒಂದು ಗಂಟು ಹಣ ಹಿಡಿದು ಮನೆಗೆ, ಪೆನ್ಶನ್ ಇಲ್ಲ. ಮಾವನ ಕಾಲದಲ್ಲಿ ಹದಿನೈದು ಅಂತ ಒಂದು ಸಂಖ್ಯೆಯಾದರೂ ಇತ್ತು, ಅದನ್ನು ಮುಟ್ಟುವ ಆಸೆಯಾದರೂ ಇತ್ತು. ನಮ್ಮ ಕಾಲನಿಯ ಹುಡುಗರು ಈಗಲೂ ಬೆಳಿಗ್ಗೆ ಐದಕ್ಕೆ ಎದ್ದು ಕಾರ್ಕಳ ರಸ್ತೆಯಲ್ಲಿ ಓಡುತ್ತಾರೆ. ಓಡಬೇಡಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಮಾವ ಓಡಿದ್ದರಿಂದಲೇ ನನ್ನ ಅಮ್ಮ ಶಾಲೆಗೆ ಹೋದದ್ದು, ಅಮ್ಮ ಹೋದ್ದರಿಂದ ನಾನು ಬಿ.ಎ. ಮಾಡಿದ್ದು. ಸಹಿ ಹಾಕುವ ಮೊದಲು ಕಾಗದ ಪೂರ್ತಿ ಓದಿ ಎಂದು ಮಾತ್ರ ಹೇಳುತ್ತೇನೆ. ಓದಿಸಿಕೊಳ್ಳಬೇಕಾದರೆ ಸಂಜೆ ಆರರ ಮೇಲೆ ನಾನು ಮನೆಯಲ್ಲೇ ಇರುತ್ತೇನೆ.

*

ಇಷ್ಟು ಬರೆದದ್ದು ಒಂದು ಕೆಲಸಕ್ಕಾಗಿ.

ಬೆಳ್ಮಣ್, ಬೋಳ, ನಂದಳಿಕೆ, ನಿಟ್ಟೆ, ಮುಂಡ್ಕೂರು, ಈ ಕಡೆಯ ನಮ್ಮ ಕಾಲನಿಗಳಿಂದ ಮಿಲಿಟ್ರಿಗೆ ಹೋದವರ ಪಟ್ಟಿ ಮಾಡೋಣ. ಗನ್ನು ಹಿಡಿದವರು ಮಾತ್ರ ಅಲ್ಲ. ಅಡುಗೆಯವರು, ಡ್ರೈವರ್, ಮೆಕ್ಯಾನಿಕ್, ಧೋಬಿ, ಸಫಾಯಿವಾಲ, ಪಯೊನೀರ್, ರಿಸರ್ವಿನಲ್ಲಿ ಇದ್ದವರು, ಅರ್ಧಕ್ಕೆ ವಾಪಸ್ಸು ಬಂದವರು, ಎಲ್ಲರೂ. ಅಟ್ಟ ಹುಡುಕಿ. ಟ್ರಂಕಿನ ತಳ ನೋಡಿ. ಡಿಸ್ಚಾರ್ಜ್ ಬುಕ್ಕು, ಹಳೇ ಮನಿಯಾರ್ಡರ್ ತುಂಡು, ಮೆಡಲ್, ಸಮವಸ್ತ್ರದಲ್ಲಿ ತೆಗೆಸಿದ ಫೋಟೋ, ಏನಿದ್ದರೂ ಸರಿ. ಅದರಲ್ಲಿ ಒಂದು ನಂಬರ್ ಇರುತ್ತದೆ, ಅದನ್ನು ಬರೆದುಕೊಳ್ಳಿ. ಆ ನಂಬರ್ ಹಿಡಿದು ರೆಕಾರ್ಡ್ಸ್ ಕಚೇರಿಗೆ ಬರೆಯಬಹುದು. ಇ.ಎಂ.ಇ.ಯದ್ದು ಸಿಕಂದರಾಬಾದಿನಲ್ಲಿದೆ, ನಾನು ಈ ವಾರ ಮಾವನ ನಂಬರ್ ಹಾಕಿ ಪತ್ರ ಕಳಿಸಿದ್ದೇನೆ. ಏನೂ ಕಾಗದ ಸಿಗದಿದ್ದರೆ ಮನೆಯ ಹಿರಿಯ ಹೆಂಗಸರ ಹತ್ತಿರ ಕೂತು ಕೇಳಿ. ಅವರಿಗೆ ತಾರೀಕು ಗೊತ್ತಿರುವುದಿಲ್ಲ, ಆದರೆ "ಆ ವರ್ಷ ನೆರೆ ಬಂದಿತ್ತು", "ದೊಡ್ಡವಳು ಹುಟ್ಟಿದ ವರ್ಷ" ಎಂದು ಹೇಳುತ್ತಾರೆ. ಅದನ್ನು ಹಾಗೆಯೇ ಬರೆದುಕೊಳ್ಳಿ.

ಕಾಮೆಂಟಿನಲ್ಲಿ ಯಾರ ಮನೆಯ ವಿವರವನ್ನೂ ಹಾಕಬೇಡಿ. ನನಗೆ ನೇರವಾಗಿ ಕೊಡಿ. ಪಟ್ಟಿ ಆದ ಮೇಲೆ ಮನೆಯವರ ಒಪ್ಪಿಗೆ ಕೇಳಿ, ಅರ್ಜಿ ಬರೆದು, ಎಲ್ಲಿಗೆ ಕೊಡಬೇಕೋ ಅಲ್ಲಿಗೆ ಕೊಡೋಣ. ಕಲ್ಲು ಅವರು ಹಾಕಿದರೆ ಸರಿ. ಇಲ್ಲದಿದ್ದರೆ ನಮ್ಮ ಅಂಬೇಡ್ಕರ್ ಭವನದ ಗೋಡೆ ಇದೆ, ಮುರಕಲ್ಲು ನಮ್ಮ ಊರಿನಲ್ಲೇ ಸಿಗುತ್ತದೆ.

ಇಷ್ಟೆಲ್ಲ ಹೆಸರಿನ ಬಗ್ಗೆ ಬರೆದು ಮಾವನ ಹೆಸರನ್ನೇ ಹೇಳಲಿಲ್ಲ ಎಂದು ನೀವು ಕೇಳಬಹುದು. ಮಾಮಿಯ ಹತ್ತಿರ ಕೇಳಿದ್ದೆ, ಫೇಸ್‌ಬುಕ್ಕಿನಲ್ಲಿ ಹಾಕಲಾ ಅಂತ. ಲಕೋಟೆಯನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತಾ ಹೇಳಿದರು, "ಮೊಬೈಲಿನಲ್ಲಿ ಬೇಡ ಮಗಾ. ಅದು ನಾಳೆ ಕೆಳಗೆ ಹೋಗ್ತದೆ. ಕಲ್ಲಿನಲ್ಲಿ ಬರೆಸುವ ದಿನ ನನ್ನನ್ನು ಕರೆ, ನಾನು ಬರ್ತೇನೆ."

ಪೆಟ್ಟಿಗೆಯನ್ನು ನಾನು ಮನೆಗೆ ತಂದಿದ್ದೇನೆ. ಸ್ಪ್ಯಾನರ್‌ಗಳಿಗೆ ಸೀಮೆಎಣ್ಣೆ ಹಾಕಿ ಉಜ್ಜಿದೆ. ತುಕ್ಕಿನ ಅಡಿಯಲ್ಲಿ ನಂಬರ್ ಇನ್ನೂ ಇದೆ, ಬೆರಳಿಗೆ ಸಿಗುತ್ತದೆ.

ಜೈ ಭೀಮ್.